ಅತ್ತಿಗೆಯ ಅಳತೆಕಡ್ಡಿ

ಅತ್ತಿಗೆ, ಶೂ ತರಲೆಂದು ನಿಮ್ಮ ಪಾದದ ಅಳತೆಗೆ ಮುರಿದುಕೊಟ್ಟಿದ್ದ ತೆಂಗಿನಗರಿಯ ಕಡ್ಡಿಯನ್ನು ಗಿಡ್ಡ ಮಾಡಿದವಳು ನಾನು. ಅರಸೀಕೆರೆಯ ಚಪ್ಪಲಿ ಅಂಗಡಿಯಲ್ಲಿ ಕೂತು, ಬೇಕೆಂದೇ, ಅದರ ತುದಿ ಚಿವುಟಿದೆ.

ನೀವು ಅಣ್ಣನನ್ನು ಮದುವೆಯಾಗಿ ಬಸ್ತಿಹಳ್ಳಿಯ ನಮ್ಮ ಮನೆ ತುಂಬುವಾಗ, ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಈ ಕಾಲಿಗೆ ಸೇರು ಸಾಲದು, ಕೊಳಗ ಇಡಬೇಕಿತ್ತು ಎಂದು ಎಲ್ಲರೆದುರು ನಕ್ಕವಳೂ ನಾನೇ. ನೀವೂ ನಕ್ಕಿರಿ. ಮುಂದೆ ನಾನು ತವರಿಗೇ ಬಂದು ನೆಲೆಸಿದ ಮೇಲೆ ನನ್ನ ಮಗ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದಾಗ, ಅವನು ಎದ್ದರೆ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದೇ ಬರುತ್ತೇನೆಂದು ಹರಕೆ ಹೊತ್ತವರು ನೀವು. ಹೆತ್ತ ನನಗೆ ಅದು ಹೊಳೆದಿರಲಿಲ್ಲ. ಮಗ ಎದ್ದ.

ಅರಸೀಕೆರೆಗೆ ಹೊರಟವಳ ಕೈಗೆ ಕಡ್ಡಿ ಕೊಟ್ಟು ಹೇಳಿದಿರಿ: "ಹೊಲದಿಂದ ಬಂದು, ಕಾಲು ಊದಿರೋವಾಗ ನಿಂತ್ಕಂಡೇ ಅಳ್ದಿದ್ದೀನಿ ಕಣೇ. ಮುಂದಕ್ಕೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟಿದ್ದೀನಿ, ಘಾಟಿ ಇಳಿಯೋವಾಗ ಬೆರಳು ಮುಂದಕ್ಕೆ ಒತ್ತುತ್ತವೆ. ಇದಕ್ಕಿಂತ ಚಿಕ್ಕದು ತರಬ್ಯಾಡ."

ಆ ಅಳತೆಗೆ ಹೆಂಗಸರ ಶೂ ಇರಲಿಲ್ಲ. ಗಂಡಸರದ್ದು ಇತ್ತು — ಕಪ್ಪಗೆ, ದಪ್ಪಗೆ. ಪಕ್ಕದಲ್ಲಿ ನಮ್ಮ ಬೀದಿಯ ಹೆಂಗಸರು ಕೂತಿದ್ದರು. ಇದು ನಮ್ಮತ್ತಿಗೆಗೆ ಎನ್ನಲು — ನಾಚಿಕೆಯಾಯಿತು, ಅಷ್ಟೇ. ಗುಲಾಬಿ ಬಣ್ಣದ ಜೋಡಿಯೊಂದನ್ನು ಎತ್ತಿಕೊಂಡೆ. ಕಡ್ಡಿ ಅದರೊಳಗೆ ಹಿಡಿಯಲಿಲ್ಲ, ಹಿಡಿಯುವಂತೆ ಮಾಡಿದೆ.

ನೀವು ಹಾಕಿಕೊಂಡು, ಬಿಗಿ ಅಲ್ಲವೇ ಎಂದಿರಿ. ಹೊಸದು, ನಡೆದರೆ ಸಡಿಲವಾಗುತ್ತದೆ ಎಂದೆ. ಕಡ್ಡಿಯನ್ನು ಶೂ ಒಳಗಿಟ್ಟು ತೋರಿಸಿದೆ. ನೀವು ಬಗ್ಗಿ ಲೇಸು ಕಟ್ಟಿಕೊಂಡಿರಿ.

ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ನಿಮ್ಮ ಹೆಬ್ಬೆರಳುಗಳ ಉಗುರು ಕಿತ್ತುಬಂದವು. ಧರ್ಮಸ್ಥಳ ಕಾಣುವ ಮೊದಲೇ ಜೊತೆಯವರು ಬಸ್ಸು ಹತ್ತಿಸಿ ಊರಿಗೆ ಕಳಿಸಿದರು. ರಕ್ತಕ್ಕೆ ಅಂಟಿದ್ದ ಕಾಲುಚೀಲವನ್ನು ಬಿಸಿನೀರು ಹಾಕಿ ಬಿಡಿಸಿದವಳು ನಾನು — ಆಗಲಾದರೂ ಹೇಳಬಹುದಿತ್ತು. ನೀವೇ ಮೆಲ್ಲಗೆ ಅಂದಿರಿ: "ಅಳತೆ ನಾನೇ ತಪ್ಪಿದೆ. ಸ್ವಾಮಿಗೆ ನನ್ನ ನಡಿಗೆ ಬ್ಯಾಡವಾಗಿತ್ತು, ಒಲ್ಲೆ ಅಂದ್ಬುಟ್ಟ."

ಇಲ್ಲ ಎನ್ನಲು ಬಾಯಿ ತೆರೆದೆ. ನೀರು ಆರಿತು, ಬದಲಿಸುತ್ತೇನೆ ಎಂದು ಎದ್ದುಹೋದೆ.

ಅಂದಿನಿಂದ ನೀವು ಯಾರಿಗಾಗಿಯೂ ಹರಕೆ ಹೊತ್ತಿಲ್ಲ. ನನ್ನ ಮಗನಿಗೆ ಈಗ ಮೀಸೆ ಬಂದಿದೆ. ಆದರೂ ಅವನು ಕೆಮ್ಮಿದರೆ ಸಾಕು, ತೀರದ ಹರಕೆ ನೆನೆದು ನಿಮ್ಮ ಮುಖ ಬಾಡುತ್ತದೆ. ಅದನ್ನು ನೋಡಿಕೊಂಡೇ ಇಷ್ಟು ವರ್ಷ ನಿಮ್ಮ ಕೈಯ ಊಟ ಉಂಡಿದ್ದೇನೆ.

ನಿಮ್ಮ ಅಳತೆ ಸರಿಯಿತ್ತು ಅತ್ತಿಗೆ. ಸ್ವಾಮಿ ಒಲ್ಲೆ ಎನ್ನಲಿಲ್ಲ. ನಿಮ್ಮ ಪಾದವನ್ನು ಒಲ್ಲೆ ಎಂದವಳು ನಾನು.