ಹೊರಗಿನವರು ಯಾರೂ ಇರಲಿಲ್ಲ

ಅಕ್ಕೋರಿಗೆ ಹೇಸಿಗೆಯಾದರೆ ಅದು ಮೊದಲು ಅವರ ಮೂಗಿಗೆ ಗೊತ್ತಾಗುತ್ತಿತ್ತು. ಎಡಗಡೆಯ ಹೊಳ್ಳೆ ಮೆಲ್ಲಗೆ ಮೇಲೇರುತ್ತಿತ್ತು, ಅದರ ಜೊತೆಗೆ ಕೆಂಪು ಹರಳಿನ ಮೂಗುಬೊಟ್ಟೂ ಏರುತ್ತಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಬ್ಯಾಡಗಿಯೇ ಘಾಟಿಗೆ ಸೀನುತ್ತದೆ. ಅಕ್ಕೋರು ಮಾತ್ರ ಸೀನಿದ್ದನ್ನು ನಾನು ಕಂಡಿಲ್ಲ. ಆ ಮೂಗಿಗೆ ಘಾಟು ತಟ್ಟುತ್ತಿರಲಿಲ್ಲ, ಮನುಷ್ಯರ ಹೊಲಸು ಮಾತ್ರ ತಟ್ಟುತ್ತಿತ್ತು.

ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಅವರು ಬ್ಯಾಡಗಿಯ ಒಂದು ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದರು. ಹುಡುಗಿಯರ ಹಾಸ್ಟೆಲ್ಲನ್ನು ನೋಡಿಕೊಳ್ಳುವ ಹೊಣೆಯೂ ಅವರದೇ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹಲಗೇರಿಯಿಂದ ಬಂದ ನಾನು ಅದೇ ಹಾಸ್ಟೆಲ್ಲಿನಲ್ಲಿದ್ದೆ. ಸಂಜೆ ಮಂಡಕ್ಕಿಯ ಗಿರ್ಮಿಟ್ ತರಿಸಿ ನಮ್ಮೊಂದಿಗೆ ಕಾಗದದಲ್ಲೇ ತಿನ್ನುತ್ತಿದ್ದರು, ಹಸಿಮೆಣಸಿನಕಾಯಿ ಕಡಿಯುತ್ತ ರಾಜ ಮಹಾರಾಜರನ್ನು ಬೈಯುತ್ತಿದ್ದರು.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠದಲ್ಲಿ "ಫ್ರಾನ್ಸ್ ದೇಶವು ಅಮೆರಿಕನ್ನರಿಗೆ ನೆರವಾಯಿತು" ಎಂಬ ಒಂದೇ ಸಾಲು ಇತ್ತು. ಅಲ್ಲಿಗೆ ಬಂದ ಕೂಡಲೇ ಅಕ್ಕೋರು ಪುಸ್ತಕ ಮಡಚಿ ಮೇಜಿನ ಮೇಲೆ ಒಗೆದರು. "ಪುಸ್ತಕದಾಗ ಇಷ್ಟ ಐತಿ. ಉಳಿದ ಹೊಲಸು ನಾ ಹೇಳತೇನಿ, ಕೇಳ್ರಿ" ಎಂದರು. ಮೂಗುಬೊಟ್ಟು ಏರಿತು.

ಅವರು ಹೇಳಿದ ಕಥೆ ಹೀಗಿತ್ತು. ಅಮೆರಿಕನ್ನರ ಪರವಾಗಿ ಇಂಗ್ಲಿಷರ ವಿರುದ್ಧ ಹೋರಾಡಲು ಫ್ರೆಂಚರ ಹಡಗುಗಳು ಸಮುದ್ರ ದಾಟಿ ಬಂದವು. ಬಿರುಗಾಳಿಗೆ ಸಿಕ್ಕು ಮುರಿದ ಹಡಗುಗಳನ್ನು ದುರಸ್ತಿಗೆಂದು ಬೋಸ್ಟನ್ ಊರಿಗೆ ಒಯ್ದರು. ಅಷ್ಟಕ್ಕೇ ಅಮೆರಿಕದ ಒಬ್ಬ ಸೇನಾಪತಿ, ಫ್ರೆಂಚರು ನಡುನೀರಿನಲ್ಲಿ ಕೈಬಿಟ್ಟರು ಎಂದು ಬಾಯಿಗೆ ಬಂದಂತೆ ಬೈದ. ಆ ಊರಿನಲ್ಲಿ ಹಿಟ್ಟಿಗೆ ಬರ. ಫ್ರೆಂಚರು ತಮ್ಮ ನಾವಿಕರಿಗಾಗಿ ದಂಡೆಯ ಮೇಲೆ ರೊಟ್ಟಿ ಸುಡುತ್ತಿದ್ದರು. ಊರಿನ ಗುಂಪೊಂದು ಬಂದು ನಮಗೂ ಕೊಡಿ ಎಂದಿತು. ಅವರ ಮಾತು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ಬಡಿದಾಟವಾಯಿತು. ಬಿಡಿಸಲು ಬಂದ ಫ್ರೆಂಚ್ ಅಧಿಕಾರಿಯೊಬ್ಬನ ಕಣ್ಣಿನ ಮೇಲೆ ಪೆಟ್ಟು ಬಿದ್ದು ಅವನು ಸತ್ತ. ಹೊಡೆದದ್ದು ನಮ್ಮವರಲ್ಲ, ಇಂಗ್ಲಿಷ್ ನಾವಿಕರು ಎಂದು ಊರಿನ ದೊಡ್ಡವರು ಷರಾ ಬರೆದರು. ಫ್ರೆಂಚರಿಗೂ ದೋಸ್ತಿ ಬೇಕಿತ್ತು, ಅವರೂ ತಲೆಯಾಡಿಸಿದರು. ಸತ್ತವನನ್ನು ಸದ್ದಿಲ್ಲದೆ ಹೂಳಿ, ಅವನ ಹೆಸರಿನಲ್ಲಿ ಕಲ್ಲು ನಿಲ್ಲಿಸುತ್ತೇವೆ ಎಂದು ಊರಿನ ದೊಡ್ಡವರು ಮಾತು ಕೊಟ್ಟರು. ಆ ಕಲ್ಲು ನಿಂತದ್ದು ನೂರು ವರ್ಷಕ್ಕೂ ಎಷ್ಟೋ ಮೇಲೆ, ಮಾತು ಕೊಟ್ಟವರೆಲ್ಲ ಮಣ್ಣಾದ ನಂತರ.

"ಫ್ರೆಂಚರು ಭಾಳ ಛಲೋ ಮಂದಿ ಅನಕೋಬ್ಯಾಡ್ರಿ ಮತ್ತ" ಎಂದು ಅಕ್ಕೋರು ಮುಗಿಸಿದರು. "ಅವರು ಬಂದದ್ದು ಇಂಗ್ಲಿಷರ ಮ್ಯಾಲಿನ ಸಿಟ್ಟಿಗೆ. ಮುಂದ ಅಮೆರಿಕದವರು ಮಾತಾಡಾಕ ಹೋದ್ರ, ಮೊದಲ ಲಂಚ ಇಡ್ರಿ ಅಂದ್ರು. ಇಬ್ಬರೂ ಹಂತಾವರ. ಆದ್ರ ನನಗ ಹೇಸಿಗಿ ಬರೋದು ಆ ಷರಾಕ್ಕ. ಹೊಡದದ್ದಕ್ಕಿಂತ ಹೊರಗಿನವರು ಹೊಡದ್ರು ಅಂದದ್ದು ದೊಡ್ಡ ಹೊಲಸು."

ನಮ್ಮ ತರಗತಿಯಲ್ಲಿ ಒಬ್ಬ ಜಾಣನಿದ್ದ, ಆಡಳಿತ ಮಂಡಳಿಯ ಅಧ್ಯಕ್ಷರ ಅಳಿಯ, ಅಂದರೆ ಅಕ್ಕನ ಮಗ. ಅವನೇ ಎಲ್ಲರಿಗಿಂತ ಮೊದಲು "ಥೂ, ಎಂಥಾ ಮಂದಿರಿ ಅಕ್ಕೋರ ಅವ್ರು!" ಎಂದ. ಅಕ್ಕೋರಿಗೆ ಖುಷಿಯಾಯಿತು. ನನಗೂ ಆಗಿತ್ತು, ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಆ ವರ್ಷದ ಸುಗ್ಗಿಯಲ್ಲೇ ಸರಕಾರದವರು ನಮ್ಮ ಹಾಸ್ಟೆಲ್ಲನ್ನು ಹಾವೇರಿಗೆ ಒಯ್ಯುತ್ತಾರೆ ಎಂಬ ಸುದ್ದಿ ಬಂತು. ಹಾಸ್ಟೆಲ್ ಹೋದರೆ ನನ್ನಂಥವರ ಓದೂ ಹೋದ ಹಾಗೆ. ಆಡಳಿತ ಮಂಡಳಿಯವರು ಮುಂದೆ ನಿಂತು ಸಮಿತಿ ಕಟ್ಟಿದರು, ಕಾಲೇಜಿನ ಮುಂದೆ ಧರಣಿ ಕುಳಿತೆವು. ಯಾರೂ ತಿರುಗಿ ನೋಡಲಿಲ್ಲ. ಆಗ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಬಂದು ನಮ್ಮ ಜೊತೆ ಕುಳಿತರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. "ನಮ್ಮ ಹುಡುಗ್ಯಾರೂ ನಾಳೆ ಇಲ್ಲೇ ಓದಾಕ ಬರಬೇಕಲ್ಲ?" ಎಂದಳು. ತೊಟ್ಟು ಬಿಡಿಸುವವರಿಲ್ಲದೆ ದಲಾಲರ ಅಂಗಡಿಗಳು ನಿಂತವು. ದಲಾಲರು ಗದ್ದಲ ಮಾಡಿದ್ದಕ್ಕೇ ಜಿಲ್ಲೆಯ ಸಾಹೇಬರ ಜೀಪು ನಮ್ಮ ಕಡೆ ತಿರುಗಿತು.

ಆದರೆ ಧರಣಿ ಸಮಿತಿಯ ಗಂಡಸರಿಗೆ ಆ ಹೆಂಗಸರ ಸೀರೆಯ ಘಾಟು ಆಗುತ್ತಿರಲಿಲ್ಲ. ಕರವಸ್ತ್ರ ಮೂಗಿಗೆ ಹಿಡಿದು ಅವರನ್ನು ಪೆಂಡಾಲಿನ ಅಂಚಿನ ಬಿಸಿಲಿಗೆ ಸರಿಸಿದರು.

ಒಂದು ಮಧ್ಯಾಹ್ನ ಸಮಿತಿಯ ಅನ್ನ ಸಾಲಲಿಲ್ಲ. ಹೆಂಗಸರು ತಮ್ಮ ಬುತ್ತಿ ಬಿಚ್ಚಿದ್ದರು, ಜೋಳದ ರೊಟ್ಟಿ, ಕೆಂಪು ಚಟ್ನಿ. ನಮ್ಮ ಹುಡುಗರು ಹೋಗಿ ಕೇಳಿದರು. ದೊಡ್ಡವ್ವ ಕೈಲಾದಷ್ಟು ಹಂಚಿ, "ಉಳಿದದ್ದು ನಮ್ಮ ಹೆಣಮಕ್ಕಳಿಗೆ ಐತ್ರೆಪಾ, ಹೊತ್ತು ಮುಳುಗೂತನಕ ಕುಂದರಬೇಕು" ಎಂದಳು. "ನಮ್ಮ ಧರಣಿಗೆ ಬಂದು ನಮಗ ಇಲ್ಲ ಅಂತೀಯೇನ?" ಎಂದು ಆ ಜಾಣ ಬುತ್ತಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಹೆಂಗಸರು ಎದ್ದು ಅವನನ್ನು ಹಿಂದಕ್ಕೆ ನೂಕಿದರು. ಅವನು ನೆಲದ ಮೇಲಿನ ಕಲ್ಲು ಎತ್ತಿ ಒಗೆದ. ದೊಡ್ಡವ್ವನ ಬಲಗಣ್ಣಿನ ಮೇಲೆ ಬಿತ್ತು. ನಾನು ನೋಡಿದೆ, ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕೋರೂ ನೋಡಿದರು. ರೊಟ್ಟಿಗಳು ಮಣ್ಣಿಗೆ ಬಿದ್ದಿದ್ದವು.

ದೊಡ್ಡವ್ವನ ಆ ಕಣ್ಣು ಹೋಯಿತು. ಹಾಸ್ಟೆಲ್ ಉಳಿಯಿತು.

ಗೆಲುವಿನ ಸಭೆಯಲ್ಲಿ ಅಧ್ಯಕ್ಷರು, ಯಾರೋ ಹೊರಗಿನ ಕಿಡಿಗೇಡಿಗಳು ನುಗ್ಗಿ ಕಲ್ಲು ಒಗೆದರು ಎಂದು ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು. ಅಕ್ಕೋರು ಎದ್ದು ನಿಂತು, "ಹೊರಗಿನವರು ಯಾರೂ ಇರಲಿಲ್ಲ" ಎಂದರು. ಎಲ್ಲರೆದುರು ಹುಡುಗನನ್ನು ಬೆರಳು ಮಾಡಿ ತೋರಿಸಿದರು. ಆಮೇಲೆ ಅಧ್ಯಕ್ಷರು ಕೋಣೆಗೆ ಕರೆಸಿ ಚಹಾ ತರಿಸಿ, "ಒಗ್ಗಟ್ಟು ಮುರೀಬ್ಯಾಡ್ರಿ ಅಕ್ಕೋರ, ಹಾಸ್ಟೆಲ್ ಉಳೀತಲ್ಲ" ಎಂದರಂತೆ. ಅಕ್ಕೋರು ಕಪ್ಪು ಸರಿಸಿ ಎದ್ದು ಬಂದರು. ಹೊರಗೆ ಕಾಯುತ್ತಿದ್ದ ನನಗೆ, "ಆ ಚಾದ ಹೊಗಿಗೂ ನನಗ ವಾಂತಿ ಬಂದಂಗಾತವ್ವ" ಎಂದರು.

ಅವರನ್ನು ಅದೇ ಸಂಸ್ಥೆಯ ರಾಣೆಬೆನ್ನೂರಿನ ಹೈಸ್ಕೂಲಿಗೆ ಹಾಕಿದರು. ಹುಡುಗನಿಗೆ ಏನೂ ಆಗಲಿಲ್ಲ. ಅಕ್ಕೋರು ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ದೊಡ್ಡವ್ವನ ಕಣ್ಣಿಗೆ ಔಷಧ ಹಾಕಿ ಹೋಗುತ್ತಿದ್ದರು. ನಾನು ಆ ಹಾಸ್ಟೆಲ್ಲಿನಲ್ಲೇ ಓದಿ ಮುಗಿಸಿದೆ. ನನ್ನ ಓದಿಗೆ ಒಬ್ಬಳು ಕಣ್ಣು ಕೊಟ್ಟಳು, ಒಬ್ಬರು ನೌಕರಿಯ ನೆಮ್ಮದಿ ಕೊಟ್ಟರು.

ಆ ದಶಕ ಮುಗಿಯುವ ಮೊದಲೇ ಅಕ್ಕೋರು ತೀರಿಕೊಂಡರು. ಬ್ಯಾಡಗಿಯ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟರು. ಮೈಕು ಹಿಡಿದವನು ಅದೇ ಜಾಣ. ಈಗ ಮಂಡಳಿಯ ಕಾರ್ಯದರ್ಶಿ, ಬಿಳಿ ಅಂಗಿ, ಕಣ್ಣಲ್ಲಿ ನೀರು ಬೇರೆ. ನನಗೆ ಮೈಯೆಲ್ಲ ಹೇಸಿತು. ಹಾಸ್ಟೆಲ್ಲಿನ ಬಾಗಿಲಲ್ಲಿ ಅಕ್ಕೋರ ಹೆಸರಿನ ಕಲ್ಲು ನಿಲ್ಲಿಸುತ್ತೇವೆ ಎಂದು ಘೋಷಿಸಿದ.

ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದಳು. "ಆ ಕಲ್ಲು ಆಮ್ಯಾಲ ನಿಲ್ಲಸೀರಂತ, ತಮ್ಮಾ. ನನಗ ಒಗದ ಕಲ್ಲು ಯಾರದು, ಅದನ್ನ ಹೇಳು ಮೊದಲ."

ಅವನು ಮೈಕು ಬಾಯಿಗೆ ಹಿಡಿದು, "ಅವತ್ತು ಯಾರೋ ಹೊರಗಿನವರು..." ಎಂದು ಶುರು ಮಾಡಿದ.

"ಹೊರಗಿನವರು ಯಾರೂ ಇರಲಿಲ್ಲ" ಎಂದೆ. ಎದ್ದು ನಿಂತಿದ್ದು ನನಗೇ ಗೊತ್ತಾಗಿರಲಿಲ್ಲ. "ಒಗದಾಂವ ನೀನು. ಅಕ್ಕೋರು ನೋಡಿದ್ರು, ನಾನೂ ನೋಡೇನಿ."

ಅವನು ಮೈಕು ಬಂದ್ ಮಾಡಿ, ಎಲ್ಲರಿಗೂ ಚಹಾ ಕೊಡಿ ಎಂದ. ದೊಡ್ಡವ್ವ ನನ್ನ ಮುಖ ನೋಡಿದಳು. ಇಬ್ಬರೂ ಕಪ್ಪು ಮುಟ್ಟದೆ ಎದ್ದು ಬಂದೆವು.