ಬೂದಿಯಲ್ಲಿ ಆರಿದ ಕ್ರೇನ್ ಗಾಲಿ

ತೊಂಬತ್ತರ ದಶಕದ ಕೊನೆಯಲ್ಲಿ ಸಿಂದಗಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇತ್ತು. ಆಗ ನನಗಿದ್ದಷ್ಟು ಸೊಕ್ಕು ಊರಲ್ಲಿ ಇನ್ನಾರಿಗೂ ಇರಲಿಲ್ಲ. ಒಂದು ಮುಂಜಾನೆ ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಇಂಜಿನಿಯರು ಕಬ್ಬು ಇಳಿಸುವ ಕ್ರೇನಿನ ಗಾಲಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದರು. ಹಳಿಯ ಮೇಲೆ ಓಡಿ ಓಡಿ ಅದರ ಮೈ ತಗ್ಗು ಬಿದ್ದಿತ್ತು, ಅಂಚು ಮುರಿದಿತ್ತು. ಹೊಸದು ಪುಣೆಯಿಂದ ಬರಲು ತಿಂಗಳು ಬೇಕಂತೆ. ಕಾರ್ಖಾನೆಯ ಮುಂದೆ ಆಗಲೇ ಗಾಡಿಗಳು ಸಾಲುಗಟ್ಟಿದ್ದವು, ಕಬ್ಬು ಒಣಗುತ್ತಿತ್ತು. ಹಿಂದೆಮುಂದೆ ನೋಡದೆ ನಾಲ್ಕು ದಿನದಲ್ಲಿ ಓಡಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ. ತಪ್ಪಿದರೆ ಗಾಡಿಯವರ ಕಬ್ಬೂ ಹಾಳು, ನನ್ನ ಹೆಸರೂ ಹಾಳು.

ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಗಾಲಿ ಕಾಯಿಸಿ, ಸುತ್ತಲೂ ಪದರದ ಮೇಲೆ ಪದರ ಬೆಸುಗೆ ತುಂಬಿದೆ. ಬಿಸಿ ಗಾಲಿ ತಟ್ಟನೆ ಆರಿದರೆ ಸೀಳುತ್ತದೆ. ಬೂದಿಯಲ್ಲಿ ಹೂತು ಒಂದು ದಿನ ಬಿಡಬೇಕು. ಅಷ್ಟು ಬೂದಿ ಎಲ್ಲಿಂದ ತರುವುದು? ನನ್ನ ಹೆಂಡತಿ ಬುಟ್ಟಿ ಹಿಡಿದು ಓಣಿಯ ಮನೆಮನೆಗೆ ಹೋದಳು. ನಿನ್ನ ಗಂಡ ಯಾವಾಗ ಬೈರಾಗಿಯಾದ ಎಂದು ಹೆಂಗಸರೆಲ್ಲ ಆಕೆಯನ್ನು ಕಾಡಿದರಂತೆ. ಕಾಡಿದರೂ ಒಲೆ ಬಳಿದು ಕೊಟ್ಟರು. ಕೆಲವರು ತಾವೇ ಹೊತ್ತು ತಂದು ಸುರಿದು, ಏನಾಗುತ್ತದೋ ನೋಡಿಯೇ ಹೋಗೋಣವೆಂದು ಅಲ್ಲೇ ಕೂತರು. ಅಂಗಡಿ ತುಂಬ ನಗುವೋ ನಗು. ನನಗೂ ಖುಷಿ ತಡೆಯದೆ ಎಲ್ಲರಿಗೂ ಚಹಾ ತರಿಸಿದೆ.

ಮೂರನೆಯ ದಿನ ಬೂದಿ ಕೆದರಿದರೆ ಒಂದು ಸೀಳೂ ಇಲ್ಲ! ಪಕ್ಕದ ಲೇಥ್ ಅಂಗಡಿಯ ಕಾಕಾ ಅದನ್ನು ಇಂಜಿನಿಯರು ಕೊಟ್ಟಿದ್ದ ನಕ್ಷೆಯಲ್ಲಿನ ಹೊಸ ಗಾಲಿಯ ಅಳತೆಗೇ ಸರಿಯಾಗಿ ಕಡೆದರು. ಗಾಲಿ ಮಿರಮಿರ ಮಿಂಚಿತು. ನಾನು ಟೆಂಪೊದವನನ್ನು ಕೂಗುವಷ್ಟರಲ್ಲಿ ಕಾಕಾ ಕೈ ಒರೆಸಿಕೊಳ್ಳುತ್ತ ಕೇಳಿದರು.

"ಆ ಕಡಿ ಹಳಿ ಮ್ಯಾಲಿನ ಗಾಲಿ ಅಳದಿಯೇನಪಾ?"

ಕ್ರೇನಿನ ಇನ್ನೊಂದು ಬದಿಯ ಜೋಡಿ ಗಾಲಿಯನ್ನು ನಾನು ಅಳೆದಿರಲಿಲ್ಲ. ಅದು ಹಳೆಯದು, ಅದರ ಗೊಡವೆ ನಮಗ್ಯಾಕೆ ಎಂದು ಹಾರಾಡಿದೆ. ಕಾಕಾ ಬೀಡಿ ಹಚ್ಚಿದರು. ನನ್ನಪ್ಪ ಎತ್ತಿನ ಗಾಡಿ ಮಾಡುತ್ತಿದ್ದವ. ಎರಡೂ ಗಾಲಿಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡದೆ ಒಂದು ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ. ಅಂಥವನ ಮಗ ನಾನು! ಥೂ ನನ್ನ ಎಂದು ಬೈದುಕೊಳ್ಳುತ್ತ ಎಸ್‌ಟಿಡಿ ಬೂತಿಗೆ ಓಡಿದೆ. ಅತ್ತ ಇಂಜಿನಿಯರು ಆ ಇನ್ನೊಂದು ಗಾಲಿಗೆ ದಾರ ಸುತ್ತಿ ಅಳೆಸಿದರು. ಲೆಕ್ಕ ಹಾಕಿದರೆ ಅದು ಸವೆದು ಸವೆದು ನಮ್ಮದಕ್ಕಿಂತ ಆರು ಮಿಲಿಮೀಟರ್ ಸಣ್ಣದಾಗಿತ್ತು. ಹಾಗೇ ಕೂಡಿಸಿದ್ದರೆ ಕ್ರೇನಿನ ಒಂದು ಬದಿ ಮುಂದೆ ಹೋಗಿ, ಅಡ್ಡ ತಿರುಗಿ, ಹಳಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಆ ಹಳೆಯದರ ಅಳತೆಗೆ ಇಳಿಸಲು ನಮ್ಮ ಗಾಲಿ ಮತ್ತೆ ಲೇಥಿಗೆ ಏರಿತು. ನಾನು ಬೆವರು ಸುರಿಸಿ ತುಂಬಿದ ಬೆಸುಗೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬೀಳುವಾಗ ಹೊಟ್ಟೆ ಉರಿಯಿತು. ಉರಿದರೇನು, ನಿಂತು ನೋಡಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಗಾಲಿ ಕೂಡಿಸಿದೆವು. ಗುಂಡಿ ಒತ್ತಿದೆವು. ಕ್ರೇನು ಆ ತುದಿಯಿಂದ ಈ ತುದಿಗೆ ಒಂದಿಷ್ಟೂ ಸೊಟ್ಟಗಾಗದೆ ಓಡಿಬಂತು. ಗಾಡಿಯವರು ರುಮಾಲು ಬೀಸಿ ಸಿಳ್ಳೆ ಹೊಡೆದರು. ಮೊದಲ ಗಾಡಿಯ ಕಬ್ಬು ಮೇಲೇರಿತು. ಇಂಜಿನಿಯರು ನನ್ನ ಬೆನ್ನು ತಟ್ಟಿ, ಥೇಟ್ ಹೊಸದರ ಹಾಗೆ ಮಾಡಿದಿರಿ ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಇಲ್ರಿ ಸಾಹೇಬ್ರ, ಹಳೇದರಂಗ ಮಾಡೇನಿ. ಅದಕ್ಕ ಓಡಾಕತ್ತೈತಿ."