ನಮ್ಮನೆಯಲ್ಲಿ ಉಂಡವನು

ಇವತ್ತು ಅರ್ಧ ದೇಶ ಹೊಗಳುವ, ಇನ್ನರ್ಧ ದೇಶ ಬೈಯುವ ಆ ನಾಯಕ ಒಂದು ಕಾಲಕ್ಕೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಬೀಡಿ ಕಟ್ಟುವ ಹೆಂಗಸರ ಸಂಘ ಮಾಡಲು ಹೊರಗಿನಿಂದ ಬಂದಿದ್ದ ತರುಣ. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮವ್ವ ಮತ್ತು ಪಕ್ಕದ ಮನೆಯ ಚಾಚಿ ಜೊತೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದರು. ಆತ ಮಧ್ಯಾಹ್ನ ನಮ್ಮಲ್ಲಿ ರೊಟ್ಟಿ ತಿಂದರೆ ರಾತ್ರಿ ಚಾಚಿಯ ಮನೆಯಲ್ಲಿ ಉಣ್ಣುತ್ತಿದ್ದ. ಟೈಫಾಯ್ಡ್ ಬಂದು ಮಲಗಿದಾಗ ಗಂಜಿ ಕುಡಿಸಿ ಎಬ್ಬಿಸಿ ಕೂರಿಸಿದವಳು ಚಾಚಿಯೇ. ಅವ್ವನನ್ನು ಮರಾಠಿಯಲ್ಲಿ ‘ಆಯಿ’ ಎನ್ನುತ್ತಿದ್ದ, ಚಾಚಿಯನ್ನು ಅವಳ ಉರ್ದುವಿನಲ್ಲೇ ‘ಖಾಲಾ’, ಅಂದರೆ ಚಿಕ್ಕವ್ವ.

ಆಮೇಲೆ ಊರು ಬಿಟ್ಟ. ಪಕ್ಷ ಬದಲಿಸಿದ, ಆರಿಸಿ ಬಂದ, ದಿಲ್ಲಿಗೆ ಹೋದ, ಜೈಲಿಗೂ ಹೋದ. ಹೊರಗೆ ಬಂದ ಮೇಲೆ ಇನ್ನಷ್ಟು ದೊಡ್ಡವನಾದ. ಟಿವಿಯಲ್ಲಿ ಕಂಡಾಗಲೆಲ್ಲ ಇಬ್ಬರೂ, “ಭಾಳ ಸೊರಗ್ಯಾನ, ಹೊತ್ತಿಗೆ ಉಣ್ಣಾಂಗಿಲ್ಲ ಕಾಣಸ್ತದ,” ಎಂದು ಮರುಗುತ್ತಿದ್ದರು.

ಒಂದು ದಿನ ಎಲ್ಲರ ಮೊಬೈಲಿಗೂ ಆತನ ಭಾಷಣ ಬಂತು. ‘ಆ ಜನರ’ ಅಂಗಡಿಗೆ ಹೋಗಬೇಡಿ, ಅವರ ಮನೆಯ ನೀರು ಕೂಡ ಮುಟ್ಟಬೇಡಿ ಎಂದಿದ್ದ. ಬಸ್ ಸ್ಟ್ಯಾಂಡ್ ಎದುರು ಚಾಚಿಯ ಮಗನ ಬಳೆ ಅಂಗಡಿ ಇತ್ತು. ನೋಡನೋಡುತ್ತ ಗಿರಾಕಿ ಕಡಿಮೆಯಾದರು.

“ಅಕ್ಕಾ, ಅಂವಗ ಯಾರೋ ಬರದು ಕೊಟ್ಟಿರಬೇಕ್ರಿ,” ಎಂದಳು ಚಾಚಿ. “ಅಂವ ಹಂಗ ಮಾತಾಡವನಲ್ಲ.”

ಚುನಾವಣೆ ಬಂತು. ಆತ ಚಿಕ್ಕೋಡಿಗೆ ಬರುತ್ತಾನೆಂದು ಗೊತ್ತಾದಾಗ ಅವ್ವ ಹಟ ಹಿಡಿದಳು. “ನನ್ನ ಕರ್ಕೊಂಡು ಹೋಗು. ನನ್ನ ಮಾತು ಅಂವ ತಗದ ಹಾಕೂದಿಲ್ಲ.”

ಹೊರಡುವಾಗ ಚಾಚಿ ಬಾಗಿಲಿಗೆ ಬಂದಳು. “ಬೈಬ್ಯಾಡ್ರಿ ಅಕ್ಕಾ. ಯಾಕಂತ ಕೇಳ್ರಿ, ಅಷ್ಟ ಸಾಕು.”

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆತ ನಮ್ಮನೆಯಲ್ಲಿ ಉಂಡವನೆಂದು ಅಲ್ಲಿದ್ದ ಕಾರ್ಯಕರ್ತನೊಬ್ಬನಿಗೆ ನಾನೇ ಹೇಳಿದೆ. ಅವನು ಫೋನಿನಲ್ಲಿ ಏನೋ ಮಾತಾಡಿದ. ಸ್ವಲ್ಪ ಹೊತ್ತಿನಲ್ಲೇ ಇಬ್ಬರು ಬಂದು ಅವ್ವನ ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ನನ್ನನ್ನು ಪೊಲೀಸರು ಮೆಟ್ಟಿಲ ಬಳಿಯೇ ತಡೆದರು.

ಆತನಿಗೆ ಗುರುತು ಸಿಕ್ಕಿತು. “ಆಯಿ!” ಎಂದು ಬಾಗಿ ಕಾಲು ಮುಟ್ಟಿದ. ಅವ್ವ ಅವನ ಭುಜ ಹಿಡಿದು, “ತಮ್ಮಾ, ಖಾಲಾಗ ಹಿಂಗ ಅನಬಹುದೇನೋ?” ಎಂದಳಂತೆ. ಜನ ಘೋಷಣೆ ಕೂಗುತ್ತಿದ್ದರು. ಅವನಿಗೆ ಅದು ಕೇಳಿಸಿತೋ ಇಲ್ಲವೋ, “ಹೋ ಆಯಿ, ಹೋ,” ಎಂದು ಮರಾಠಿಯಲ್ಲೇ ಹೂಂಗುಟ್ಟಿ ನಕ್ಕು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೈಕ್ ಹಿಡಿದ. ಈ ತಾಯಿಯ ಅನ್ನ ತಿಂದು ಬೆಳೆದವನು ನಾನು ಎಂದ. ಚಪ್ಪಾಳೆ ಬಿತ್ತು. ಅದು ನಿಲ್ಲುತ್ತಲೇ ಮೊಬೈಲಿನಲ್ಲಿ ಕೇಳಿದ್ದ ಆ ಮಾತುಗಳನ್ನೇ ಮತ್ತೆ ಆಡಿದ. ಅವ್ವ ಎದ್ದು ನಿಲ್ಲಲು ನೋಡಿದಳು. ಹಿಂದಿದ್ದವನೊಬ್ಬ ಮರ್ಯಾದೆಯಿಂದಲೇ ಅವಳ ಹೆಗಲೊತ್ತಿ ಕೂರಿಸಿದ. ಭಾಷಣ ಮುಗಿಯುವವರೆಗೂ ಅವಳು ಮೇಲೆ, ನಾನು ಕೆಳಗೆ.

ಎರಡೇ ದಿನಕ್ಕೆ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಬಳಿ ದೊಡ್ಡ ಫ್ಲೆಕ್ಸ್ ಎದ್ದಿತು. ಬಾಗಿದ ನಾಯಕ, ಅವನ ಭುಜದ ಮೇಲೆ ಅವ್ವನ ಕೈ. ತಡೆಯಲು ಹಿಡಿದ ಕೈ ಅದರಲ್ಲಿ ಆಶೀರ್ವಾದವಾಗಿ ಕಾಣುತ್ತಿತ್ತು. ಚಾಚಿಯ ಮಗ ಅಂಗಡಿಯಲ್ಲಿ ಕೂತರೆ ಕಣ್ಣೆದುರಿಗೇ ಅದು.

ತೆಗೆಸಲು ನಾವು ಪಕ್ಷದ ಕಚೇರಿಗೆ ಹೋದೆವು. “ಯಾಕ್ರಿ ಆಯಿ, ನಮ್ಮೂರ ಹೆಮ್ಮಿ ಐತ್ರಿ ಅದು,” ಎಂದು ಚಹಾ ತರಿಸಿದರು. ನಗರಸಭೆಯಲ್ಲಿ, ಪರವಾನಗಿ ಐತ್ರಿ, ನಮ್ಮ ಕೈಯಾಗ ಏನಿಲ್ಲ ಎಂದರು.

ಅವ್ವ ಚಾಚಿಯ ಮನೆಗೆ ಹೋದಳು. “ನಾ ಕೇಳಾಕ ಹೋಗಿದ್ನೆವ್ವ...”

“ಗೊತ್ತೈತ್ರಿ ಅಕ್ಕಾ. ನಿಮ್ಮದೇನ ತಪ್ಪು?” ಎಂದಳು ಚಾಚಿ. ಆದರೆ ಒಳಗೆ ಬನ್ನಿ ಎನ್ನಲು ಮರೆತಳು. ಅವ್ವ ಹೊಸ್ತಿಲಲ್ಲೇ ನಿಂತು ತಿರುಗಿ ಬಂದಳು.

ಆತ ಗೆದ್ದ. ಚಾಚಿಯ ಮಗ ಅಂಗಡಿ ಮುಚ್ಚಿ ಮಿರಜಕ್ಕೆ ಹೋದ. ತಾಯಿಯನ್ನೂ ಕರೆದುಕೊಂಡು ಹೋದ. ಈಗ ಆಗೊಮ್ಮೆ ಈಗೊಮ್ಮೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಮೊಣಕಾಲು ನೋವು, ಬಿಪಿ ಗುಳಿಗೆ, ಮೊಮ್ಮಕ್ಕಳ ಸಾಲಿ. ಆತನ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಫೋನ್ ಇಟ್ಟ ಮೇಲೆ ಅವ್ವ ನನ್ನ ಮುಖ ನೋಡುತ್ತಾಳೆ.

“ಅಕೀಗಿ ನನ್ನ ಮ್ಯಾಲ ಸಿಟ್ಟ ಐತೇನ?”

“ಇಲ್ಲಬೇ,” ಎನ್ನುತ್ತೇನೆ. ಅವಳು ನಂಬುವುದಿಲ್ಲ.